ಊಂ ಅನ್ನದವನು

ಹಾರವನ್ನು ಕೊರಳಿಗೆ ಹಾಕಬೇಕೋ ಕಾಲ ಬಳಿ ಇಡಬೇಕೋ ತಿಳಿಯದೆ ಶಾಮಲಮ್ಮ ಟೀಚರು ತಡವರಿಸುತ್ತಿದ್ದಾಗ, ಕೋದಂಡರಾಮಪ್ಪನೇ ಅದನ್ನು ಇಸಕೊಂಡು ತೀರಿಕೊಂಡ ಅಕ್ಕ ಮುನಿಯಲ್ಲಮ್ಮನ ಎದೆಯ ಮೇಲೆ ಹರಡಿದ. ಬೈರಕೂರಿನ ಆ ಅಂಗಳದಲ್ಲಿ ಅವಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ಮಗ ಅಮರನಾಥ ಕೂತಿದ್ದ. ಅವನೂ ಮೇಷ್ಟ್ರು. ಟೀಚರು ಮುಳಬಾಗಿಲಿನಲ್ಲಿ ಅವನ ಜೊತೆ ಕೆಲಸ ಮಾಡುವವರು.

ಕಣ್ಣೊರೆಸಿಕೊಂಡ ಟೀಚರು ಪಕ್ಕದ ಹೆಂಗಸರಿಗೆ ಹೇಳತೊಡಗಿದರು. ಹೋದ ತಿಂಗಳು ಶಿಕ್ಷಕರ ತರಬೇತಿಯಲ್ಲಿ ಅಮರನಾಥ ಸರ್ ಅಜ್ಜಿ ಕತೆಗಳ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದ್ದರು! ಕತೆ ಕೇಳಿ ಬೆಳೆದ ಮಗುವಿಗೆ ಮಾತು ಬರುತ್ತದೆ, ರಾಕ್ಷಸಿಯನ್ನು ಗೆಲ್ಲುವ ಹುಡುಗಿಯ ಜೊತೆ ಅದೂ ತನ್ನ ಹೆದರಿಕೆ ಗೆದ್ದು ಬರುತ್ತದೆ ಎಂದಿದ್ದರು. ಆಮೇಲೆ ಅಮ್ಮನಿಂದ ಕಲಿತದ್ದೆಂದು ಸೋರೆಕಾಯಿಯೊಳಗೆ ಹುಟ್ಟಿದ ಹುಡುಗಿಯ ಕತೆ ಹೇಳಿದರು. ಕೊನೆಗಂತೂ ಇಡೀ ಹಾಲ್ ಚಪ್ಪಾಳೆ ಹೊಡೆಯಿತು.

ಅಮರನಾಥ ಚಾಪೆಯ ಅಂಚು ಕೀಳುತ್ತಾ ಕೂತಿದ್ದ. ಈ ಮಾತು ಇಲ್ಲಿಗೇ ನಿಂತರೆ ಸಾಕಾಗಿತ್ತು. ಆದರೆ ಟೀಚರು ಅವನ ಮಗಳು ಚಂದನಳನ್ನು ಹತ್ತಿರಕ್ಕೆ ಎಳೆದುಕೊಂಡರು.

“ನೀನು ಪುಣ್ಯ ಮಾಡಿದ್ದೆ ಕಣಮ್ಮ, ದಿನಾ ಅಜ್ಜಿ ಹತ್ರ ಕತೆ ಕೇಳ್ತಿದ್ದೆ. ಆ ಸೋರೆಕಾಯಿ ಹುಡುಗಿ ಕತೆ ನಿಂಗೂ ಬರುತ್ತೆ ಅಲ್ವಾ?”

“ಅರ್ಧ ಬರುತ್ತೆ ಮಿಸ್,” ಎಂದಳು ಚಂದನ. “ಆಮೇಲೆ ಅಪ್ಪ ಕತೆ ಬೇಡ ಅಂದ್ಬಿಟ್ರು.”

ಹೆಂಗಸರು ಸುಮ್ಮನೆ ಸೆರಗು ಸರಿಮಾಡಿಕೊಂಡರು. ಟೀಚರು ಅಮರನಾಥನನ್ನು ನೋಡಿ, ನೋಡಬಾರದಿತ್ತು ಎಂಬಂತೆ ಬೇರೆ ಕಡೆ ತಿರುಗಿದರು. ಬೆಳಗಿನಿಂದ ಅಮ್ಮನಿಗಾಗಿ ಅತ್ತಿದ್ದ ಅವನಿಗೆ ಈಗ ಅಳುವುದಕ್ಕೂ ನಾಚಿಕೆಯಾಯಿತು.

* * *

ಹಿಂದೆ ಆ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುಗಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಯಿಂದ ಅವನ್ನು ಬಿಡಿಸುವ ದಿನ ಬೀದಿಯ ಮಕ್ಕಳೆಲ್ಲ ಕರೆಯದೆಯೇ ಬಂದು ಕೆಲಸಕ್ಕೆ ಕೂರುತ್ತಿದ್ದರು. ಅವರನ್ನು ಕೂರಿಸುತ್ತಿದ್ದದ್ದು ಮುನಿಯಲ್ಲಮ್ಮನ ಕತೆ. ಅರ್ಧ ತೆಲುಗು, ಅರ್ಧ ಕನ್ನಡ. ಕೇಳುವವರು ಮಾತುಮಾತಿಗೂ ಊಂ ಅನ್ನಬೇಕೆಂಬುದು ಅವಳ ಕಟ್ಟಳೆ. ಊಂ ನಿಂತರೆ ಕತೆಯೂ ನಿಂತಿತು. ರಾಕ್ಷಸಿ ಬಾಗಿಲು ತಟ್ಟುತ್ತಿದ್ದರೂ ಸರಿಯೇ, ಅವಳು ವೀಳ್ಯದೆಲೆಗೆ ಸುಣ್ಣ ಸವರುತ್ತಾ ಕೂತುಬಿಡುವಳು. ಆಮೇಲೆ ಊಂ ಅನ್ನೋ ಎಂದು ತೆಲುಗಿನಲ್ಲಿ ಮಗನನ್ನು ತಿವಿಯುವಳು: “ಊ ಕೊಟ್ಟರಾ ಅಮರಾ.” ಎಲ್ಲರಿಗಿಂತ ಜೋರಾಗಿ ಊಂ ಅನ್ನುತ್ತಿದ್ದವನು ಅವನೇ.

ಅದೇ ಅಮರ ಬೆಳೆದು ಮೇಷ್ಟ್ರಾದ, ಅಪ್ಪನಾದ. ಕಾಡಿನಲ್ಲಿ ಯಾರು ಯಾರು ಇರುತ್ತಾರೆ ಎಂಬ ಪರೀಕ್ಷೆಯ ಪ್ರಶ್ನೆಗೆ ಚಂದನ ಮೊದಲು ರಾಕ್ಷಸಿ ಎಂದು ಬರೆದಳು, ಹುಲಿ ಸಿಂಹಗಳು ಆಮೇಲೆ ಬಂದವು. ಸ್ಕೂಲಿನವರು ಅವನನ್ನು ಕರೆಸಿ, ಮೇಷ್ಟ್ರ ಮಗಳೇ ಹೀಗೆ ಬರೆದರೆ ಹೇಗೆ ಎಂದು ನಕ್ಕರು. ಆ ನಗು ಅವನ ಜೊತೆ ಮನೆತನಕ ಬಂತು.

“ಇನ್ಮೇಲೆ ಕತೆಗಿತೆ ಬೇಡಮ್ಮ. ಸುಳ್ಳು ಹೇಳಿ ಹೇಳಿ ಮಗು ತಲೆ ಕೆಡಿಸ್ತಿದೀಯ.”

ಕತೆಯ ಹೊತ್ತಾದ ಸಂಜೆಗೆ ಅವನು ಚಂದನಳನ್ನು ಟ್ಯೂಷನ್ನಿಗೆ ಹಾಕಿದ.

ತರಬೇತಿಯ ಹಿಂದಿನ ದಿನ ಮಾತ್ರ ಅವನಿಗೆ ಅಮ್ಮನ ಕತೆ ಬೇಕಾಯಿತು. ಸೋರೆಕಾಯಿ ಹುಡುಗಿಯ ಕೊನೆ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಕೇಳಿದ್ದೇ ತಡ, ಹಾಸಿಗೆ ಹಿಡಿದಿದ್ದ ಮುನಿಯಲ್ಲಮ್ಮ ಎದ್ದು ಕೂತು ಮೊದಲಿನಿಂದ ಶುರುಮಾಡಿದಳು. ಹುಡುಗಿ ಸೋರೆಬುರುಡೆಯೊಳಗೆ ಅಡಗಿದಳು, ರಾಕ್ಷಸಿ ಬಂದು ಬಾಗಿಲು ತಟ್ಟಿದಳು. ಅಲ್ಲಿ ನಿಲ್ಲಿಸಿ ಮಗನ ಮುಖ ನೋಡಿದಳು.

“ಊ ಕೊಟ್ಟರಾ.”

“ಬರ್ಕೊಂತಾ ಇದೀನಲ್ಲಮ್ಮ. ಟೈಮಿಲ್ಲ, ಬೇಗ ಕೊನೆ ಹೇಳು.”

ಅವಳು ಊಂಗೆ ಕಾದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಕೊನೆಯನ್ನು ತಾನೇ ಕಟ್ಟಿಕೊಂಡು ಹೋದ. ಚಪ್ಪಾಳೆ ಬಿದ್ದದ್ದು ಅದಕ್ಕೆ.

* * *

ಮಾವಿನ ತೋಪಿನ ಹತ್ತಿರ ಚಟ್ಟ ಇಳಿಸಿದರು. ಹೀಗೆ ಅರ್ಧ ದಾರಿಯಲ್ಲಿ ಇಳಿಸಿ, ಮಗನಾದವನು ಕಿವಿಯಲ್ಲಿ ಮೂರು ಸಲ ಕೂಗುವುದು ಅವರಲ್ಲಿ ಪದ್ಧತಿ. ಜೀವ ಎಲ್ಲಾದರೂ ಉಳಿದಿದ್ದರೆ ಓಗೊಡಲಿ ಎಂಬ ಆಸೆ. ಹೆಂಗಸರು ಮಕ್ಕಳು ಅಲ್ಲಿಂದ ಹಿಂದಕ್ಕೆ ಹೋಗಬೇಕು.

ಚಂದನ ಅಪ್ಪನ ಪಂಚೆ ಹಿಡಿದುಕೊಂಡಳು. “ಅಪ್ಪ, ರಾಕ್ಷಸಿ ಬಾಗಿಲು ತಟ್ಟಿದ್ಲಲ್ಲ, ಆ ಹುಡುಗಿ ಆಮೇಲೆ ಏನ್ಮಾಡಿದ್ಲು?”

ತರಬೇತಿಯಲ್ಲಿ ಹೇಳಿದ ಕೊನೆಯನ್ನೇ ಹೇಳಿಬಿಡಬಹುದಿತ್ತು. ಟೀಚರು ಪಕ್ಕದಲ್ಲೇ ಇದ್ದರು.

“ಗೊತ್ತಿಲ್ಲ ಕಣಮ್ಮ,” ಎಂದ.

“ಕೂಗು ಅಮರಾ,” ಎಂದ ಕೋದಂಡರಾಮಪ್ಪ. “ಅಮ್ಮಾ ಅನ್ನು, ಮೂರು ಸಲ.”

ಅಮರನಾಥ ಮಣ್ಣಿನಲ್ಲಿ ಮೊಣಕಾಲೂರಿ ಬಗ್ಗಿದ. ಬಾಯಿಗೆ ಹಾಕಿದ ಅಕ್ಕಿ ಅಮ್ಮನ ತುಟಿಯ ಮೇಲೆ ಒಂದಷ್ಟು ಉಳಿದಿತ್ತು. ಯಾವ ಮುಖ ಇಟ್ಟುಕೊಂಡು ಕರೆಯಲಿ ಅನ್ನಿಸಿತು.

“ಊಂ,” ಎಂದ.

ಮಾವನಿಗೆ ಸರಿಯಾಗಿ ಕೇಳಿಸಲಿಲ್ಲ. ಜೋರಾಗಿ ಕೂಗೆಂದು ಹೇಳಿದ.

“ಊಂ,” ಎಂದ ಅಮರನಾಥ, ಎಲ್ಲರಿಗೂ ಕೇಳುವಂತೆ. “ಊಂ, ಅಮ್ಮಾ.”

ಆಮೇಲೆ ತಲೆ ಹೊರಳಿಸಿ ಕಿವಿಯನ್ನು ಅವಳ ಬಾಯಿಗೆ ಹತ್ತಿರ ತಂದ. ಅಕ್ಕಿಕಾಳುಗಳು ಅವನ ಕೆನ್ನೆಗೆ ಅಂಟಿಕೊಂಡವು. ಚಟ್ಟ ಎತ್ತಲು ಬಗ್ಗಿದ್ದವರು ಕೈ ಹಿಂದಕ್ಕೆ ತೆಗೆದುಕೊಂಡು ನಿಂತರು.