ಶೆಡ್ ಕಾಯುವ ಪೆಟ್ಟಿಗೆ

ದಿಂಬಿನ ಪಕ್ಕದಲ್ಲಿದ್ದ ಫೋನು 'ಟಿಣ್' ಎಂದಿತು. ನಿದ್ದೆಯಲ್ಲಿದ್ದವರು ಮಗ್ಗುಲು ಕೂಡ ಬದಲಿಸದಷ್ಟು ಸಣ್ಣ ಸದ್ದು. ನಿವೇತಾ ಮಾತ್ರ ಎದ್ದು ಕೂತಳು. ಪರದೆಯ ಮೇಲೆ ಅದೇ ಸಾಲು: ಶೆಡ್ ಉತ್ತರಿಸುತ್ತಿಲ್ಲ.

"ಮತ್ತಾ?" ಎಂದ ಗಂಡ ಲೋಗನಾಥನ್, ಕಣ್ಣು ಬಿಡದೆ. "ಪೊಯ್ಯೇ ಇರುತ್ತೆ, ಬರೀ ಸುಳ್ಳು. ಮಲಕ್ಕೋ."

"ನಿಜ ಆಗಿದ್ರೆ?"

ಲೋಗನಾಥನ್ ಎದ್ದು ಟಾರ್ಚು ಹುಡುಕಿದ. ಕೊಯಮತ್ತೂರಿನ ಬಳಿ, ತೊಂಡಾಮುತ್ತೂರಿನಾಚೆ ಬೆಟ್ಟದ ಬುಡದಲ್ಲಿ ಅವರ ತೋಟ. ಆನೆ ಇಳಿದಿದೆಯೇ ಎಂದು ಬಾಳೆಯ ಕಡೆಗೊಮ್ಮೆ ಬೆಳಕು ಹಾಯಿಸದೆ ರಾತ್ರಿ ಯಾರೂ ಅಂಗಳಕ್ಕೆ ಕಾಲಿಡುವುದಿಲ್ಲ. ಇಬ್ಬರೂ ಹೋಗಿ ನೋಡಿದರೆ ಕೋಳಿ ಶೆಡ್ಡಿನಲ್ಲಿ ಎಲ್ಲ ನೆಟ್ಟಗಿತ್ತು. ಫ್ಯಾನು ತಿರುಗುತ್ತಿತ್ತು, ಬಿಸಿ ದೀಪಗಳು ಉರಿಯುತ್ತಿದ್ದವು, ಅವುಗಳ ಕೆಳಗೆ ಐದು ಸಾವಿರ ಮರಿಗಳು ಹಿಂಜಿದ ಹತ್ತಿಯಂತೆ ಹರಡಿಕೊಂಡು ನಿದ್ದೆಹೋಗಿದ್ದವು.

ಮರಳಿ ಬರುವಾಗ ಜಗಲಿಯ ಮೇಲೆ ಮಾವ ಲಿಂಗಪ್ಪನ್ ಕೂತಿದ್ದರು. ಕಂಕುಳಲ್ಲಿ ಸುತ್ತಿದ ಚಾಪೆ.

"ಎಲ್ಲಿಗೆ ಮಾವ?"

"ಶೆಡ್ಡಿಗೆ. ನಿನ್ ಪೆಟ್ಟಿಗೆ ದಿನಾ ರಾತ್ರಿ ಪೊಯ್ ಬೊಗಳ್ತಾ ಇದೆ ಅಮ್ಮಣಿ. ಸುಳ್ಳು ಬೊಗಳೋ ನಾಯೀನ ನಂಬ್ಕೊಂಡು ಯಾರಾದ್ರೂ ಮಲಗ್ತಾರಾ?" ತಮ್ಮ ಮಾತಿಗೆ ತಾವೇ ನಕ್ಕರು. ನಗು ಕೆಮ್ಮಾಯಿತು.

ಆ ಕೆಮ್ಮಿಗಾಗಿಯೇ ಪೆಟ್ಟಿಗೆ ಬಂದದ್ದು. ವರ್ಷಾನುಗಟ್ಟಲೆ ಅವರು ಶೆಡ್ಡಿನಲ್ಲೇ, ಕೋಳಿಗಳ ಧೂಳಿನಲ್ಲೂ ಘಾಟಿನಲ್ಲೂ ಮಲಗಿದವರು. ಕೊಯಮತ್ತೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನೊಂದು ಚಳಿಗಾಲ ಅಲ್ಲಿ ಮಲಗಿದರೆ ಮನೆಗೆ ಆಮ್ಲಜನಕದ ಸಿಲಿಂಡರ್ ತರಬೇಕಾಗುತ್ತದೆ ಎಂದಿದ್ದರು. ಮದುವೆಗೆ ಮೊದಲು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡಿದ್ದ ನಿವೇತಾ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದಳು. ಶೆಡ್ಡಿನಿಂದ ತಂತಿ ಎಳೆದು, ಆ ತಂತಿಗೆಂದೇ ಒಂದು ನೆಟ್‌ವರ್ಕ್ ಕಾರ್ಡು ಸೇರಿಸಿದಳು. ಮನೆಯ ಇಂಟರ್ನೆಟ್ಟಿಗೆ ಬೇರೆ ದಾರಿ. ಶೆಡ್ಡಿನಲ್ಲಿ ಬಿಸಿ ಏರಿದರೂ ಇಳಿದರೂ ಫೋನು ಸದ್ದು ಮಾಡುತ್ತಿತ್ತು. ಮಾವ ಒಪ್ಪಿ ಮನೆಯೊಳಗೆ ಮಲಗತೊಡಗಿದ್ದರು.

"ನಾಳೆ ಒಂದು ದಿನ ಕೊಡಿ ಮಾವ. ಇವತ್ತು ಅಲ್ಲಿ ಇವರು ಮಲಗ್ತಾರೆ."

"ಸರಿ. ನಾಳೆ ರಾತ್ರಿನೂ ಅದು ಟಿಣ್ ಅಂದ್ರೆ ನನ್ನ ತಡೀಬಾರ್ದು."

ಬೆಳಗ್ಗೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ಮೇವಿನ ಮೂಟೆಗಳ ಕೋಣೆಯಲ್ಲಿ ಅದರ ಜಾಗ. ಆರಿಸಿ ಹೊತ್ತಿಸಿದರೆ ಹಗಲೆಲ್ಲ ಸುಸೂತ್ರ, ರಾತ್ರಿಗೆ ಶೆಡ್ಡಿನ ಸುದ್ದಿ ಬಂದ್. ತಂತಿ ಬದಲಿಸಿ ನೋಡಿದ್ದಳು, ಇಲಿ ಕಡಿದಿದೆಯೇ ಎಂದು ಉದ್ದಕ್ಕೂ ತಡವಿದ್ದಳು. ಶೆಡ್ಡಿಗೆ ಮರಳುವ ಆಸೆಗೆ ಮಾವನೇ ಏನಾದರೂ ಮಾಡಿರಬಹುದೇ ಎಂಬ ಯೋಚನೆಯೂ ಬಂದಿತ್ತು; ಬಂದದ್ದಕ್ಕೆ ನಾಚಿಕೊಂಡಿದ್ದಳು. ಈವರೆಗೆ ನೋಡಿದ್ದೆಲ್ಲ ಹೊರಗನ್ನು. ಇಂದು ಲಿನಕ್ಸ್ ತನ್ನಷ್ಟಕ್ಕೆ ಹೇಳಿಕೊಳ್ಳುವ ಸಂದೇಶಗಳನ್ನು ತೆರೆದು ಸಾಲು ಸಾಲಾಗಿ ಓದಿದಳು. ರಾತ್ರಿ ಫೋನು ಸದ್ದು ಮಾಡುವುದಕ್ಕೆ ಸ್ವಲ್ಪ ಮುಂಚೆ ಒಂದು ಸಾಲಿತ್ತು: ಹತ್ತೊಂಬತ್ತನೇ ನಂಬರಿನ ಕರೆಗೆ ಯಾರೂ ಓಗೊಡಲಿಲ್ಲ, ಆ ಕರೆಯನ್ನೇ ನಿಲ್ಲಿಸಲಾಗಿದೆ.

ಓದುತ್ತಿದ್ದಂತೆ ಎದೆ ಹಗುರಾಯಿತು. ಕಂಪ್ಯೂಟರಿನ ಒಂದೊಂದು ಭಾಗಕ್ಕೂ ಒಡೆಯನಾದ ಲಿನಕ್ಸನ್ನು ಕರೆಯಲು ಒಂದು ಕಾಲಿಂಗ್ ಬೆಲ್ ಇರುತ್ತದೆ, ಬೆಲ್ಲಿಗೊಂದು ನಂಬರು. ಕೆಲವೊಮ್ಮೆ ಇಬ್ಬರಿಗೆ ಒಂದೇ ಬೆಲ್. ಅದು ಬಡಿದುಕೊಳ್ಳುತ್ತಲೇ ಇದ್ದು, ಒತ್ತಿದ್ದು ನಾನು ಎಂದು ಇಬ್ಬರೂ ಹೇಳದಿದ್ದರೆ ಲಿನಕ್ಸ್ ಬೇಸತ್ತು ಬೆಲ್ಲಿನ ತಂತಿಯನ್ನೇ ಕಿತ್ತುಬಿಡುತ್ತದೆ. ಆಮೇಲೆ ಶೆಡ್ಡಿನ ಸುದ್ದಿ ಹೊತ್ತ ಕಾರ್ಡು ಬಾಗಿಲಲ್ಲೇ ನಿಂತಿರುತ್ತದೆ, ತೆರೆಯುವವರಿಲ್ಲ.

ಆ ಬೆಲ್ ಯಾರ್ಯಾರದು ಎಂದು ಕೇಳಿದಳು. ಶೆಡ್ಡಿನ ಕಾರ್ಡು ಮತ್ತು ಯುಎಸ್‌ಬಿ, ಎರಡೂ ಹತ್ತೊಂಬತ್ತರಲ್ಲೇ ಕೂತಿದ್ದವು. ಇದು ಹೇಗೆ? ಕಾರ್ಡಿಗೆ ತನ್ನದೇ ಬೆಲ್ ಸಿಗುವಂತೆ ನೋಡಿಯೇ ಅವಳು ಅದನ್ನು ಮೇಲಿನ ಸ್ಲಾಟಿನಲ್ಲಿ ಕೂರಿಸಿದ್ದಳಲ್ಲ.

ಕಂಪ್ಯೂಟರನ್ನು ಆರಿಸಿ ಪಕ್ಕದ ತಗಡು ತೆಗೆದಳು. ಕಾರ್ಡು ಕೆಳಗಿನ ಸ್ಲಾಟಿನಲ್ಲಿತ್ತು. ಅದಕ್ಕಿಂತ ಸೋಜಿಗವೆಂದರೆ, ಬೆಳಗ್ಗೆ ಒರೆಸಿದ ದೇವರ ಪಟ ಸಂಜೆಗೆ ಮಾಸುವ ಆ ಮನೆಯಲ್ಲಿ, ಪೆಟ್ಟಿಗೆಯೊಳಗೆ ಚಿಟಿಕೆ ಧೂಳಿರಲಿಲ್ಲ. ಕಾರ್ಡನ್ನು ಬಿಡಿಸಿ ಕೈಯಲ್ಲಿ ಹಿಡಿದಳು. ಅದರ ತಗಡಿನ ಪಟ್ಟಿಯ ಒಳಮೈಯಲ್ಲಿ ಒಣಗಿದ ಗಂಧದ ಬೊಟ್ಟು, ನಡುವೆ ಕುಂಕುಮ.

ಆಯುಧ ಪೂಜೆ! ಆಗ ಶೆಡ್ಡಿನಲ್ಲಿ ಮರಿಗಳಿರಲಿಲ್ಲವೆಂದು ಪೂಜೆಯ ಹಿಂದಿನ ದಿನವೇ ಕಂಪ್ಯೂಟರನ್ನು ಆರಿಸಿ, ಅವಳು ಬೊಂಬೆ ನೋಡಲು ಸಿಂಗಾನಲ್ಲೂರಿನ ತವರಿಗೆ ಹೋಗಿದ್ದಳು. ಬಂದಾಗ ಪೆಟ್ಟಿಗೆಯ ಹೊರಗೆ ಹೂವೂ ಬೊಟ್ಟೂ ಇದ್ದವು. ಅತ್ತೆ ಸಾಮಿಯಾತಾಳ್ ಪೂಜೆಗೆ ಸ್ಟೌವಿನ ಬರ್ನರು, ಗ್ರೈಂಡರಿನ ಕಲ್ಲು ಎಲ್ಲವನ್ನೂ ಬಿಚ್ಚಿ ಒರೆಸಿ ಮತ್ತೆ ಜೋಡಿಸುವವರು. ಇದನ್ನೂ ಹಾಗೆಯೇ ಮಾಡಿದ್ದಾರೆ. ಹಿಡಿಸಿದ ಕಡೆ ಕಾರ್ಡು ಕೂರಿಸಿದ್ದಾರೆ.

"ಏನಮ್ಮಾ ಕಣ್ಣು, ಅದರ ಹೊಟ್ಟೆ ಬಗೆದು ಹಾಕಿದ್ದೀಯ?"

ಅತ್ತೆ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿದ್ದರು. ಸೊಸೆಯ ಕೈಯಲ್ಲಿದ್ದ ಕಾರ್ಡನ್ನು ಕಂಡದ್ದೇ ಅವರ ಕಣ್ಣು ಮೂಟೆಗಳ ಕಡೆ ಹೊರಳಿತು.

"ಧೂಳು ತುಂಬಿದ್ರೆ ಮಿಷಿನ್ನೂ ಕೆಡುತ್ತೆ ತಾನೆ?" ಎಂದು ಕೇಳಿದರು, ಮೂಟೆಯನ್ನು ಕೇಳಿದಂತೆ.

"ಕೆಡುತ್ತೆ ಅತ್ತೆ. ಇದರಲ್ಲಿ ಧೂಳೇ ಇಲ್ಲ."

"ಟ್ರ್ಯಾಕ್ಟರು, ಮೋಟಾರು, ಎಲ್ಲಕ್ಕೂ ಪೂಜೆ ಆಯ್ತು. ಅವರನ್ನ ಮನೇಲಿ ಮಲಗಿಸಿದ್ದು ಇದೊಂದೇ." ಲೋಟ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ಈಗ ಕೆಟ್ಟಿದ್ದು... ಯಾರಾದ್ರೂ ಮುಟ್ಟಿದ್ರಿಂದವಾ?"

ನಿವೇತಾ ಮಾತನ್ನು ತೂಗಿದಳು. "ಕಾರ್ಡಿಗೆ ಆ ಜಾಗ ಒಗ್ಗಲಿಲ್ಲ. ಮೇಲಕ್ಕೆ ಹಾಕಿದ್ರೆ ಸರಿಹೋಗುತ್ತೆ."

"ಸರಿಹೋಗುತ್ತಾ?"

"ಹೋಗುತ್ತೆ ಅತ್ತೆ."

ಸಾಮಿಯಾತಾಳ್ ಉಸಿರು ಬಿಟ್ಟದ್ದು ಕೋಣೆಯ ಆಚೆಗೂ ಕೇಳುವಂತಿತ್ತು. "ಕಾಫಿ ಆರುತ್ತೆ, ಕುಡಿ" ಎಂದು ಹೊರಟೇ ಹೋದರು.

ಬೊಟ್ಟನ್ನು ಒರೆಸದೆಯೇ ಕಾರ್ಡನ್ನು ಮೇಲಿನ ಸ್ಲಾಟಿನಲ್ಲಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿದು, ಕಂಪ್ಯೂಟರನ್ನು ಹೊತ್ತಿಸಿದಳು. ಈಗ ಕಾರ್ಡಿಗೆ ಬೇರೆಯೇ ಸಂಖ್ಯೆ, ಅದರ ಜೊತೆಗೆ ಇನ್ಯಾರೂ ಇಲ್ಲ. ಆದರೂ ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಫೋನನ್ನು ಎತ್ತಿ ನೋಡುವುದು, ಇಡುವುದು. ಶೆಡ್ಡಿನ ಬಿಸಿ ಎಷ್ಟೆಂದು ಅಂಕಿ ಬರುತ್ತಲೇ ಇತ್ತು. ಬೆಳಕು ಹರಿಯುವ ಹೊತ್ತಿಗೆ ನಡುಮನೆಯಿಂದ ಮಾವನ ಗೊರಕೆ ಕೇಳಿಸಿತು. ಮದುವೆಯಾದ ಹೊಸತರಲ್ಲಿ ತಲೆ ಚಿಟ್ಟು ಹಿಡಿಸಿದ್ದ ಗೊರಕೆ. ಇಂದು ಅದನ್ನೇ ಕೇಳುತ್ತ ಅವಳು ಹಾಯಾಗಿ ನಿದ್ದೆಹೋದಳು.

ಆ ವಾರ ಫೋನು ಒಮ್ಮೆಯೂ ಸುಳ್ಳು ಹೇಳಲಿಲ್ಲ. ಭಾನುವಾರ ಎಲ್ಲರೂ ದೋಸೆಗೆ ಕೂತಾಗ ಲಿಂಗಪ್ಪನ್ ಕೇಳಿದರು: "ಅದಕ್ಕೆ ಏನಾಗಿತ್ತು ಅಮ್ಮಣಿ? ಯಾರಾದ್ರೂ ಕೈ ಹಾಕಿದ್ರಾ?"

ಒಲೆಯ ಮುಂದೆ ಸಾಮಿಯಾತಾಳರ ಸೌಟು ಹಿಟ್ಟಿನಲ್ಲೇ ನಿಂತಿತು.

"ಇಲ್ಲ ಮಾವ. ಒಳಗೆ ಎರಡಕ್ಕೂ ಜಗಳ. ಬಿಡಿಸಿದೆ."

"ಅತ್ತೆ ಸೊಸೆ ಜಗಳದ ಹಾಗೆ," ಎಂದ ಲೋಗನಾಥನ್.

"ಅಷ್ಟು ದೊಡ್ಡದಲ್ಲ, ಬೇಗ ಮುಗೀತು."

ಮಾವ ಜೋರಾಗಿ ನಕ್ಕರು. ಈ ಸಲ ನಗು ನಗುವಾಗಿಯೇ ಉಳಿಯಿತು. ಸೌಟು ಮತ್ತೆ ಕಾವಲಿಯ ಮೇಲೆ ಸುತ್ತತೊಡಗಿತು. ಮುಂದಿನ ಪೂಜೆಗೆ ಪೆಟ್ಟಿಗೆಯನ್ನು ತಾನೇ ತೆರೆದು ಅತ್ತೆಯ ಮುಂದೆ ಇಡಬೇಕು, ಬೊಟ್ಟು ಅವರೇ ಇಡಲಿ ಎಂದುಕೊಂಡಳು ನಿವೇತಾ. ಗಂಡನಿಗೆ ಗೊತ್ತಾದರೆ ಊರೆಲ್ಲ ನಗುತ್ತದೆ, ಮಾವನಿಗೆ ಗೊತ್ತಾದರೆ ಅತ್ತೆ ಇನ್ನೆಂದೂ ಆ ಕೋಣೆಗೆ ಕಾಲಿಡುವುದಿಲ್ಲ. ತನಗೆ ಗೊತ್ತಿದೆ ಎಂಬುದನ್ನು ಅತ್ತೆಗೂ ಹೇಳಬೇಕಾಗಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿ, ಇನ್ನೊಂದು ದೋಸೆಗೆ ತಟ್ಟೆ ಚಾಚಿದಳು.