ಇಂದುಮತಿಯ ಹೆಸರಿನ ನಡಿಗೆ

ಬೆಳಿಗ್ಗೆ ಐದೂವರೆಗೆ ಎರ್ನಾಕುಲಂನ ಕಲೂರಿನ ಸ್ಟೇಡಿಯಂ ಸುತ್ತ ಆಗಲೇ ಜನ ನಡೆಯತೊಡಗಿದ್ದರು. ರಾಜೀವಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ಶೂವಿನ ದಾರ ಬಿಗಿದಳು. ಶೂ ಅವಳದಲ್ಲ, ಗಂಡನ ಮೊದಲ ಹೆಂಡತಿ ಇಂದುಮತಿಯದು.

"ಹೊಸತೇ ಉಂಟು ಮಾರಾಯ್ತಿ. ಅವಳು ನಾಲ್ಕು ಸಲ ಹಾಕಿದ್ದಾಳೋ ಇಲ್ಲವೋ. ಸುಮ್ಮನೆ ಯಾಕೆ ಬಿಸಾಡುದು?" ಎಂದು ದಾಮೋದರ ಅದನ್ನು ಕಪಾಟಿನಿಂದ ತೆಗೆದುಕೊಟ್ಟಿದ್ದ. ಅಳತೆ ತುಸು ದೊಡ್ಡದಾಗಿತ್ತು. ರಾಜೀವಿ ಅದನ್ನು ಹೇಳದೆ ತುದಿಯಲ್ಲಿ ಹತ್ತಿ ತುರುಕಿಕೊಂಡಿದ್ದಳು.

ದಾಮೋದರನಿಗೆ ಎರ್ನಾಕುಲಂನಲ್ಲಿ ಕೇಂದ್ರ ಸರಕಾರದ ಕೆಲಸ. ಇಂದುಮತಿ ಕ್ಯಾನ್ಸರಿನಿಂದ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ರಾಜೀವಿ ಕಾರ್ಕಳದಿಂದ ಮದುವೆಯಾಗಿ ಬಂದು ಎರಡು ವರ್ಷ. ಇಂದುಮತಿಯ ಕೊನೆಯ ತಿಂಗಳುಗಳಲ್ಲಿ ಮನೆಗೇ ಬಂದು ಆರೈಕೆ ಮಾಡಿದ ನರ್ಸುಗಳ ಸಂಸ್ಥೆಯೊಂದು ಈ ಡಿಸೆಂಬರಿನಲ್ಲಿ ಸಹಾಯಾರ್ಥ ನಡಿಗೆ ಇಟ್ಟುಕೊಂಡಿತ್ತು. ವರ್ಕಲದಿಂದ ತಿರುವನಂತಪುರಕ್ಕೆ, ಎರಡು ದಿನ. "ಮೂರು ಜನವೂ ನಡೆಯುವಾ" ಎಂದು ದಾಮೋದರ ಹೇಳಿದಾಗ ಇಂದುಮತಿಯ ಹದಿಮೂರರ ಮಗಳು ನಿಶಾ ಕುಣಿದಿದ್ದಳು. ಬರುತ್ತೀಯಾ ಎಂದು ರಾಜೀವಿಯನ್ನು ಯಾರೂ ಕೇಳಲಿಲ್ಲ. ಬರುತ್ತಾಳೆ ಎಂದುಕೊಂಡರು, ಅಷ್ಟೆ.

ಅಭ್ಯಾಸ ಶುರುವಾದ ಮೇಲೆ ಇಂದುಮತಿ ದಿನವೂ ಜೊತೆಗೆ ನಡೆಯತೊಡಗಿದಳು. ಜ್ಯೂಸ್ ಅಂಗಡಿಯ ಮುಂದೆ ನಿಶಾ, "ಅಮ್ಮ ಇಲ್ಲಿ ಯಾವಾಗಲೂ ಮುಸಂಬಿಯೇ ಕುಡೀತಿದ್ದದ್ದು" ಎನ್ನುತ್ತಿದ್ದಳು. ದಾಮೋದರ ನಗುತ್ತ, "ಅವಳ ನಡಿಗೆಗೆ ನಾನು ಓಡ್ಬೇಕಿತ್ತು" ಎನ್ನುತ್ತಿದ್ದ. ಚಹಾದಂಗಡಿಯವನೂ ರಾಜೀವಿಯ ಕೈಗೆ ಲೋಟ ಕೊಡುತ್ತ 'ಇಂದು ಚೇಚಿ', ಅಂದರೆ ಇಂದು ಅಕ್ಕ, ಎಂದು ಇಂದುಮತಿಯನ್ನೇ ನೆನೆಯುತ್ತಿದ್ದ. ಬದುಕಿರುವ ಸವತಿಯಾದರೆ ಜಗಳವಾಡಬಹುದಿತ್ತು. ಸತ್ತವಳು ಸಾರಿಗೆ ಉಪ್ಪು ಹೆಚ್ಚು ಹಾಕುವುದಿಲ್ಲ, ಮುಖ ಊದಿಸುವುದಿಲ್ಲ, ಮುಪ್ಪಾಗುವುದೂ ಇಲ್ಲ. ಇಲ್ಲದವಳ ಮೇಲೆ ಹೊಟ್ಟೆ ಉರಿಯುತ್ತದೆಂದು ಯಾರಲ್ಲಿ ಹೇಳುವುದು? ಕೇಳಿದವರು ಇವಳ ಮುಖಕ್ಕೇ ಉಗಿದಾರು. ರಾಜೀವಿ ಸುಮ್ಮನೆ ನಡೆಯುತ್ತಿದ್ದಳು. ಉರಿ ಮಾತ್ರ ದಿನದಿನಕ್ಕೆ ಹೆಚ್ಚುತ್ತಿತ್ತು.

ಮೂವರಿಗೂ ಸೇರಿದ ನೋಂದಣಿಯ ಫಾರ್ಮು ಫೋನಿಗೆ ಬಂದಾಗ ದಾಮೋದರ ಆಫೀಸಿಗೆ ಹೊರಟಿದ್ದ. "ನೀನೇ ತುಂಬಿಸು" ಎಂದು ಹೇಳಿ ಹೋದ. ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲ ತುಂಬಿದ ಮೇಲೆ ಕೊನೆಯ ಪ್ರಶ್ನೆ ಬಂತು: ನೀವು ಯಾರ ನೆನಪಿನಲ್ಲಿ ನಡೆಯುತ್ತಿದ್ದೀರಿ? ಆ ಹೆಸರುಗಳನ್ನು ನಡಿಗೆಯ ಆರಂಭದಲ್ಲಿ ಓದಲಾಗುವುದು ಎಂದೂ ಬರೆದಿತ್ತು. ರಾಜೀವಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ 'ಯಾರೂ ಇಲ್ಲ' ಎಂದು ಒತ್ತಿ ಕಳಿಸಿಬಿಟ್ಟಳು. ಆ ದಿನ ಅಡುಗೆ ಮಾಡುವಾಗ ಎರಡು ವರ್ಷಗಳಲ್ಲಿ ಮೊದಲ ಸಲ ಏನೋ ಗುನುಗಿಕೊಂಡಳು. ಮಧ್ಯಾಹ್ನ ಊಟ ಮಾತ್ರ ಸೇರಲಿಲ್ಲ.

ನಡಿಗೆಗೆ ಹತ್ತು ದಿನವಿರುವಾಗ ವಾಟ್ಸಾಪಿನಲ್ಲಿ ಓದಲಿರುವ ಹೆಸರುಗಳ ಪಟ್ಟಿ ಬಂತು. ನಿಶಾ ಬೆರಳಿಟ್ಟು ಮೇಲಿನಿಂದ ಕೆಳಗೆ ಹುಡುಕಿದಳು, ಮತ್ತೊಮ್ಮೆ ಹುಡುಕಿದಳು. ದುಃಖ ಬಂದರೆ ಅವಳ ಬಾಯಲ್ಲಿ ಮಲಯಾಳವೇ ಮೊದಲು ಬರುವುದು. "ಅಪ್ಪಾ, ಅಮ್ಮಯುಡೆ ಪೇರಿಲ್ಲಲ್ಲೋ!"

"ಅಮ್ಮನ ಹೆಸರಿಲ್ವಾ? ಅವರದ್ದೇ ಎಂತದೋ ತಪ್ಪಾಗಿರ್ಬೇಕು" ಎಂದ ದಾಮೋದರ. "ಪಟ್ಟಿ ಮಾಡಿದ್ದು ಜುಬೈದಾ ಅಲ್ವಾ, ಅವಳಲ್ಲಿ ಕೇಳ್ತೇನೆ."

ರಾಜೀವಿ ಬಟ್ಟೆ ಮಡಚುತ್ತ ತಲೆ ಎತ್ತಲಿಲ್ಲ.

ಜುಬೈದಾ ಇಂದುಮತಿಯನ್ನು ನೋಡಿಕೊಂಡ ನರ್ಸು. ಕಾಸರಗೋಡಿನವಳಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಮರುದಿನ ರವಿವಾರ, ಕಲೂರಿನಿಂದ ವೈಟ್ಟಿಲದವರೆಗೆ ಹೋಗಿ ಬರುವ ದೊಡ್ಡ ಅಭ್ಯಾಸಕ್ಕೆ ಅವಳೂ ಬಂದಿದ್ದಳು. ಅಪ್ಪ ಮಗಳು ಮುಂದೆ ಹೋಗುವುದನ್ನು ಕಾದು ಅವಳು ರಾಜೀವಿಯ ಪಕ್ಕಕ್ಕೆ ಬಂದಳು.

"ಚೇಚಿ, ನನ್ನಿಂದ ತಪ್ಪಾಯ್ತು ಅಂತ ದಾಮೋದರ ಸಾರ್‌ಗೆ ಹೇಳಿದೆ."

ರಾಜೀವಿ ಅವಳತ್ತ ತಿರುಗಿದಳು. "ನೀವು ಯಾಕೆ ಹಾಗೆ ಹೇಳಿದ್ದು?"

"ಫಾರ್ಮು ನೋಡಿದ್ದೇನೆ. ಮನೆಯಲ್ಲಿ ಜಗಳ ಆಗುದು ಬೇಡ ಅಂತ."

"ನಾನು ಕೆಟ್ಟವಳು ಅಂತ ಅನ್ನಿಸ್ಲಿಲ್ವಾ ನಿಮಗೆ?"

ಜುಬೈದಾ ರಸ್ತೆಯ ಬದಿಗೆ ಸರಿದಳು. ಪಕ್ಕದಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. "ಇಂದು ಚೇಚಿಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚು ಇತ್ತು ಗೊತ್ತುಂಟಾ?" ಎಂದಳು.

"ನನ್ನ ಮೇಲೆ? ಅವರಿಗೆ ನಾನು ಯಾರೂಂತಲೇ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ. ಆದರೆ ಯಾರೋ ಬರ್ತಾರೆ ಅಂತ ಗೊತ್ತಿತ್ತು. ಹಾಸಿಗೆ ಬಿಟ್ಟು ಏಳ್ಲಿಕ್ಕೆ ಆಗದ ದಿವಸಗಳು ಅವು. 'ನನ್ನ ಮಗಳಿಗೆ ಜಡೆ ಹಾಕ್ತಾಳೆ, ಇವರೊಟ್ಟಿಗೆ ಮುದುಕಿ ಆಗ್ತಾಳೆ, ಪುಣ್ಯವಂತೆ' ಅಂತ ಹಲ್ಲು ಕಚ್ಚಿ ಅಳ್ತಿದ್ರು. ಒಂದು ದಿವಸ ಕೋಪದಲ್ಲಿ ಕೈಗೆ ಸಿಕ್ಕಿದ ಲೋಟ ಬಿಸಾಡಿದ್ರು. ಮನೆಯವರು ನೋವಿಗೆ ಹಾಗೆ ಮಾಡಿದ್ದು ಅಂದುಕೊಂಡ್ರು."

ರಾಜೀವಿ ನಡೆಯುತ್ತಿದ್ದವಳು ನಿಂತೇಬಿಟ್ಟಳು. ಎರಡು ವರ್ಷದಿಂದ ಅವಳು ಹೊಟ್ಟೆಕಿಚ್ಚುಪಟ್ಟದ್ದು ಫೋಟೋದಲ್ಲಿ ನಗುವ ಒಬ್ಬ ಹೆಂಗಸಿನ ಮೇಲೆ. ಲೋಟ ಎಸೆದ ಹೆಂಗಸನ್ನು ಈ ಮನೆಯಲ್ಲಿ ಯಾರೂ ಅವಳಿಗೆ ತೋರಿಸಿರಲಿಲ್ಲ.

ಮನೆಗೆ ಬಂದವಳೇ ಗಂಡನನ್ನೂ ನಿಶಾಳನ್ನೂ ಕರೆದು ಕೂರಿಸಿದಳು. "ತಪ್ಪು ಜುಬೈದಾಳದ್ದಲ್ಲ. ಹೆಸರು ಹಾಕದೆ ಇದ್ದದ್ದು ನಾನು."

ನಿಶಾಳ ಮುಖ ಕೆಂಪಾಯಿತು. "ಯಾಕೆ ಆಂಟಿ? ಅಮ್ಮ ನಿಮಗೆ ಎಂತ ಮಾಡಿದ್ದಾರೆ?"

"ಏನೂ ಮಾಡ್ಲಿಲ್ಲ ಮಗಾ. ನಂಗೆ ಹೊಟ್ಟೆಕಿಚ್ಚು."

ಹುಡುಗಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದಾಮೋದರನ ಸ್ವರ ಏರಿತು. "ಸತ್ತವಳ ಮೇಲೆ ಹೊಟ್ಟೆಕಿಚ್ಚಾ? ನಾಚಿಕೆ ಆಗುದಿಲ್ವಾ ನಿನಗೆ? ನಿನಗೆ ಇಲ್ಲಿ ಎಂತ ಕಡಿಮೆ ಮಾಡಿದ್ದೇನೆ ನಾನು?"

"ಆಗ್ತದೆ. ನಾಚಿಕೆ ಆದ್ದಕ್ಕೇ ಇಷ್ಟು ದಿವಸ ಹೇಳ್ಲಿಲ್ಲ." ರಾಜೀವಿ ಅಳಲಿಲ್ಲ. "ಅವರನ್ನು ಮರೆಯಿರಿ ಅಂತ ನಾನು ಹೇಳುದಿಲ್ಲ. ಆದರೆ ಈ ಮನೆಯಲ್ಲಿ ನನಗೆ ಕೊಟ್ಟದ್ದೆಲ್ಲ ಅವರದ್ದು. ಅವರ ಪಾತ್ರೆ, ಅವರ ಜಾಗ, ಅವರ ಶೂ. ಅದು ನನ್ನ ಕಾಲಿಗೆ ಆಗ್ತದಾ ಅಂತ ನೀವು ಒಂದು ದಿವಸ ಕೇಳಿದ್ದೀರಾ?"

ದಾಮೋದರನ ಕಣ್ಣು ಬಾಗಿಲ ಬಳಿ ಬಿಟ್ಟಿದ್ದ ಶೂಗಳ ಮೇಲೆ ಬಿತ್ತು. ಒಂದರೊಳಗಿನಿಂದ ಹತ್ತಿ ಹೊರಗೆ ಇಣುಕಿತ್ತು. ಅವನು ಹೋಗಿ ಅದನ್ನು ಎತ್ತಿಕೊಂಡು ನೋಡಿದ. ಹತ್ತಿಯನ್ನು ಹೊರಗೆಳೆದು, "ನಿನ್ನ ಸೈಜ್ ಎಷ್ಟು?" ಎಂದು ಕೇಳಿದ.

ಆ ಸಂಜೆಯೇ ಇಬ್ಬರೂ ಪೇಟೆಗೆ ಹೋಗಿ ಶೂ ತಂದರು. ನಿಶಾ ಒಂದು ವಾರ ಮಾತಾಡಲಿಲ್ಲ. ರಾಜೀವಿ ಒತ್ತಾಯಿಸಲಿಲ್ಲ. ಜುಬೈದಾಳಿಗೆ ತಾನೇ ಫೋನ್ ಮಾಡಿ ಪಟ್ಟಿ ತಿದ್ದಿಸಿದಳು. ವರ್ಕಲದಲ್ಲಿ ನಡಿಗೆ ಹೊರಡುವ ಮುನ್ನ ಇಂದುಮತಿಯ ಹೆಸರು ಓದಿದಾಗ ದಾಮೋದರ ಕಣ್ಣು ಒರೆಸಿಕೊಂಡ. ರಾಜೀವಿಗೆ ಎದೆಯಲ್ಲಿ ಹಳೆಯ ಉರಿ ಒಮ್ಮೆ ಚುರುಕ್ಕೆಂದಿತು. ಹಾಗಿದ್ದರೂ ಅವಳು ಕೈಮುಗಿದಳು.

ಎರಡನೆಯ ದಿನ ಕಳಕ್ಕೂಟಂ ದಾಟುವಾಗ ಬಿಸಿಲು ಏರಿತ್ತು. ನಿಶಾಳ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಅವಳು ಹಿಂದೆ ಬಿದ್ದಳು. ರಾಜೀವಿ ತಾನೂ ನಡಿಗೆ ನಿಧಾನಿಸಿದಳು. ಒಂದಷ್ಟು ದೂರ ಇಬ್ಬರೂ ಜೊತೆಯಾಗಿ ನಡೆದರು.

"ನಿಮಗೆ ಕಾಲು ನೋಯುದಿಲ್ವಾ ಆಂಟಿ?"

"ನೋಯ್ತದೆ. ಆದರೆ ನಡೆದು ಅಭ್ಯಾಸ ಉಂಟು."

"ಎಲ್ಲಿ ನಡೆದದ್ದು?"

"ಊರಲ್ಲಿ. ನನ್ನ ಅಪ್ಪನಿಗೆ ಲಕ್ವ ಹೊಡೆದಿತ್ತು. ಮದ್ದಿಗೆ ಪೇಟೆಗೆ ಹೋಗ್ಬೇಕು, ಬಸ್ಸು ತಪ್ಪಿದರೆ ನಡಿಗೆಯೇ. ಒಂಬತ್ತು ವರ್ಷ."

"ಜುಬೈದಾ ಚೇಚಿಯ ಹಾಗೆ ಯಾರೂ ಬರ್ತಿರ್ಲಿಲ್ವಾ?"

"ನಮ್ಮ ಕಡೆಗೆ ಯಾರು ಬರ್ತಾರೆ? ಮೀಯಿಸುದು, ಉಣ್ಣಿಸುದು, ಮಗ್ಗುಲು ತಿರುಗಿಸುದು, ಎಲ್ಲ ನಾನೇ."

ನಿಶಾ ಅವಳ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. "ಅವರ ಹೆಸರು ಎಂತ?"

"ಅಚ್ಯುತ."

"ಅವರು ನಿಮಗೆ ಬೈತಿದ್ರಾ?"

ರಾಜೀವಿಗೆ ನಗು ಬಂತು. "ಬೈತಿದ್ರಾ ಅಂತ ಕೇಳ್ತೀಯಾ? ಒಂದು ಸಲ ಗಂಜಿ ಬಿಸಿ ಉಂಟು ಅಂತ..."

ಆ ಒಂಬತ್ತು ವರ್ಷಗಳನ್ನು ಮದುವೆಯ ಮಾತುಕತೆಯಲ್ಲಿ ಒಂದು ಸಾಲಾಗಿ ಕೇಳಿ ಮರೆತಿದ್ದ ದಾಮೋದರ ಮುಂದಿನಿಂದ ತಿರುಗಿ ನೋಡಿದ. ನಿಂತು ಅವರು ಹತ್ತಿರ ಬರುವವರೆಗೆ ಕಾದ. ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಕೇಳಿಸುವಷ್ಟು ಹತ್ತಿರದಲ್ಲಿ ನಡೆಯತೊಡಗಿದ.

"ಮತ್ತೆ?" ಎಂದಳು ನಿಶಾ. "ಮತ್ತೆ ಎಂತಾಯ್ತು?"

ರಾಜೀವಿ ಹೇಳುತ್ತ ಹೋದಳು. ತಿರುವನಂತಪುರಕ್ಕೆ ಇನ್ನೂ ಒಂಬತ್ತು ಕಿಲೋಮೀಟರ್ ಇತ್ತು.