ತೆಳುವೆಂದು ಬರೆದ ಪೊರೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ತಪ್ಪು ಕಂಡರೆ ಬಿಡುವವಳಲ್ಲವೆಂದು ಬಿದ್ದ ಹೆಸರು. ಅಂದು ಮಾತ್ರ ಅವಳಿಗೆ ತಪ್ಪು ಹುಡುಕುವ ಉಮೇದಿರಲಿಲ್ಲ. ಸೊಂಟ ಮುರಿದುಕೊಂಡ ಅತ್ತೆಯ ಆರೈಕೆಯಲ್ಲಿ ರಾತ್ರಿಯೆಲ್ಲ ರೆಪ್ಪೆಗೆ ರೆಪ್ಪೆ ಹಚ್ಚಿರಲಿಲ್ಲ.

ಯಂತ್ರದ ಅಳತೆ ಸರಿಯಿದೆಯೇ ಎಂದು ನೋಡಲು ಒಂದು ಮಾದರಿಯಿತ್ತು. ಬರಿಗಣ್ಣಿಗೆ ಕಾಣದ ಗೆರೆಗಳಿದ್ದ ತೆಳ್ಳನೆಯ ಇಂಗಾಲದ ಹಾಳೆ. ಗೆರೆಗೂ ಗೆರೆಗೂ ಎಷ್ಟು ಅಂತರವೆಂಬುದು ಮೊದಲೇ ಗೊತ್ತು. ಪರದೆಯ ಮೇಲೆ ಅವು ಇರಬೇಕಾದ್ದಕ್ಕಿಂತ ಒತ್ತೊತ್ತಾಗಿ ಕಂಡವು.

ಹಾಳೆ ಓರೆಯಾಗಿ ಕೂತಿರಬೇಕೆಂದು ಹೊರತೆಗೆದು, ಚಿಮಟದಲ್ಲಿ ಹಿಡಿದು ಬೆಳಕಿಗೊಡ್ಡಿದಳು. ಹರಿದಿರಲಿಲ್ಲ, ಮಡಿಚಿಕೊಂಡಿರಲಿಲ್ಲ. ಮತ್ತೆ ಕೂರಿಸಿ, ಯಂತ್ರದೊಳಗಿನ ಗಾಳಿಯೆಲ್ಲ ಹೋಗುವವರೆಗೆ ಕಾದು ಅಳೆದಳು. ಅದೇ ಕಥೆ. ಕಪಾಟಿನಲ್ಲಿದ್ದ ಹೊಸ ಮಾದರಿ ಇಟ್ಟಳು. ಅದೂ ಹಾಗೆಯೇ.

ಹಾಗಾದರೆ ಕೆಟ್ಟಿದ್ದು ಮಾದರಿಯಲ್ಲ. ಕಳೆದ ವಾರ ರಿಪೇರಿಯವನು ಮಸೂರ ಬಿಚ್ಚಿ ಜೋಡಿಸಿದ್ದ. ಅತ್ತೆಯ ಆಪರೇಷನ್ನಿಗೆಂದು ಅವಳು ರಜೆಯಲ್ಲಿದ್ದಳು. ತಾಳೆ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅಂದಿನಿಂದ ಯಂತ್ರ ಎಲ್ಲವನ್ನೂ ಇರುವುದಕ್ಕಿಂತ ತೆಳುವಾಗಿ ಅಳೆದಿತ್ತು.

ಅವಳು ಆ ವಾರದ ರಿಪೋರ್ಟುಗಳನ್ನು ತೆಗೆದಳು. ತಮ್ಮನಿಗೆ ಮೂತ್ರಪಿಂಡ ಕೊಡಲು ಬಂದಿದ್ದ ಅಕ್ಕನೊಬ್ಬಳಿಗೆ, ಅದರ ಪೊರೆ ತೆಳುವಾಗಿದೆ, ಕೊಡುವಂತಿಲ್ಲ ಎಂದು ಆ ದಿನಗಳಲ್ಲೇ ಹೇಳಿದ್ದರು. ಟೀಚರ್ ಆ ಪೊರೆಯ ಚಿತ್ರಗಳನ್ನು ತೆರೆದು ಸರಿಯಾದ ಅಳತೆಗೆ ಲೆಕ್ಕ ಹಾಕಿದಳು. ಪೊರೆ ಚೆನ್ನಾಗಿಯೇ ಇತ್ತು.

"ಖಾತ್ರಿನಾ?" ಎಂದರು ಅವಳಿಂದ ವಿಷಯ ಕೇಳಿದ ಮೂತ್ರಪಿಂಡದ ಡಾಕ್ಟರು.

"ಎರಡು ಮಾದರಿ ಇಟ್ಟು ನೋಡ್ದೆ ಸರ್. ಯಂತ್ರದ್ದೇ ತಪ್ಪು."

"ಅವರು ಮೇಲೆ ಡಯಾಲಿಸಿಸ್ ಹತ್ರ ಕೂತಿದ್ದಾರೆ. ನೀವೂ ಬನ್ನಿ."

ಅಕ್ಕ ಬೆಂಚಿನ ತುದಿಯಲ್ಲಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ ಟೀಚರ್ ಕಡೆ ತಿರುಗಿದಳು.

"ಅಂದ್ರೆ ಕೊಡಬಹುದು ಅಂತಾನಾ?"

"ಕೊಡಬಹುದು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಆಗಲ್ಲ ಅಂದ ದಿನ ತಮ್ಮನ ಮುಂದೆ ಅತ್ಬಿಟ್ಟೆ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗ್ದೆ. ಅಂಥ ನಿದ್ದೆ ಬಂದು ಎಷ್ಟು ತಿಂಗಳಾಗಿತ್ತೋ."

ನಿದ್ದೆಯ ಮಾತು ಟೀಚರಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತಳು. "ನಿಮಗೆ ಬೇಡ ಅನ್ಸಿದ್ರೆ ಬೇಡ ಅನ್ನಿ. ನಿಮ್ಮ ತಮ್ಮನಿಗೆ ಏನು ಹೇಳ್ಬೇಕೋ ಡಾಕ್ಟರು ನೋಡ್ಕೋತಾರೆ."

ಡಾಕ್ಟರು ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಒಳಗಿನಿಂದ, "ಅಕ್ಕಾ, ಚಳಿ ಆಗ್ತಿದೆ," ಎಂಬ ದನಿ ಬಂತು. ಅಕ್ಕ ಎದ್ದು ಹೋಗಿ ತಮ್ಮನಿಗೆ ಹೊದಿಕೆ ಸರಿಮಾಡಿದಳು.

"ರಿಪೋರ್ಟು ತಪ್ಪಾಗಿತ್ತಂತೆ ಕಣೋ. ನಂದು ಆಗುತ್ತಂತೆ."

"ನಿನಗೆ ಭಯ ಇಲ್ವೇನೇ?"

"ಇದೆ. ಇರ್ಲಿ ಬಿಡು."

ಟೀಚರ್ ಕೆಳಗಿಳಿದು ರಿಪೇರಿಯವನಿಗೆ ಫೋನು ಮಾಡಿದಳು. ನಾಳೆ ಬಂದರೆ ಆದೀತೇ ಎಂದು ಅವನು ಕೇಳಿದ.

"ಆಗಲ್ಲ. ಈಗಲೇ ಬಾ."

ಆ ವಾರದ ಉಳಿದ ರಿಪೋರ್ಟುಗಳನ್ನು ತಿದ್ದುವುದಿನ್ನೂ ಬಾಕಿಯಿತ್ತು. ಮುಖಕ್ಕೆ ತಣ್ಣೀರು ಚಿಮುಕಿಸಿಕೊಂಡು ಬಂದು ಮುಂದಿನ ಚಿತ್ರ ತೆರೆದಳು.